ಕರೆಂಟ್ ಬಿಲ್ಲಿನ ಯಾವ ಸಾಲನ್ನು ನಿಲ್ಲಿಸುತ್ತೀರಿ? ನ್ಯೂಜೆರ್ಸಿಯ ಗವರ್ನರ್ ಅಭ್ಯರ್ಥಿಗಳಿಗೆ ಒಂದು ಬಹಿರಂಗ ಪತ್ರ

ಮಿಡ್ಲ್‌ಸೆಕ್ಸ್ ಕೌಂಟಿ, ನ್ಯೂಜೆರ್ಸಿ
ಅಕ್ಟೋಬರ್ 22, 2025, ಬಲಿಪಾಡ್ಯಮಿ

ಇವರಿಗೆ,
ಶ್ರೀಮತಿ ಮೈಕಿ ಶೆರಿಲ್, ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ
ಶ್ರೀ ಜ್ಯಾಕ್ ಚಿಟರೆಲ್ಲಿ, ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ

ಮಾನ್ಯರೇ,

ದೀಪಾವಳಿಯ ಶುಭಾಶಯಗಳು. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮಿಬ್ಬರ ಪ್ರಚಾರ ಕಚೇರಿಗೂ ಅಂಚೆಗೆ ಹಾಕಿದ್ದೇನೆ. ಕನ್ನಡದಲ್ಲೂ ಬರೆದು ಎಲ್ಲರ ಮುಂದೆ ಇಡುತ್ತಿರುವುದು ಬೇಕಂತಲೇ. ಈ ರಾಜ್ಯದಲ್ಲಿ ಕನ್ನಡ ಮಾತಾಡುವ ಮನೆಗಳು ಸಾಕಷ್ಟಿವೆ. ನಮ್ಮ ಮನೆಗಳಲ್ಲಿ ಚುನಾವಣೆಯ ಮಾತು ನಡೆಯುವುದು ರಾತ್ರಿ ಊಟಕ್ಕೆ ಕೂತಾಗ, ಕನ್ನಡದಲ್ಲಿ. ಅಲ್ಲಿ ಏಳುವ ಪ್ರಶ್ನೆಗಳು ಅಲ್ಲೇ ಉಳಿದುಬಿಡುತ್ತವೆ. ಈ ಸಲ ಹಾಗಾಗುವುದು ಬೇಡ ಅನ್ನಿಸಿತು.

ನಾನು ಹಾಸನದ ಹತ್ತಿರದವಳು. 2006ರಲ್ಲಿ ಇಲ್ಲಿಗೆ ಬಂದೆ. 2016ರಲ್ಲಿ ಪೌರತ್ವ ಸಿಕ್ಕಿತು. ಗವರ್ನರ್ ಚುನಾವಣೆಯಲ್ಲಿ ವೋಟು ಹಾಕುತ್ತಿರುವುದು ಇದು ಮೂರನೇ ಸಲ. ಯಾವ ಪಕ್ಷಕ್ಕೂ ಹೆಸರು ಬರೆಸಿಲ್ಲ. ಮನೆಯಲ್ಲಿ ನಾವು ಐದು ಜನ. ಅತ್ತೆಗೆ 74. ಅವರ ಹತ್ತಿರ ಇರುವುದು ಗ್ರೀನ್ ಕಾರ್ಡ್, ಹಾಗಾಗಿ ವೋಟಿಲ್ಲ. ದೊಡ್ಡ ಮಗಳಿಗೆ ಈ ವರ್ಷ 18 ತುಂಬಿತು, ಅವಳದು ಮೊದಲ ವೋಟು.

"ಗವರ್ನರ್ ಅಂದ್ರೆ ರಾಜ್ಯಪಾಲರು ತಾನೆ? ಅವರಿಗೂ ಎಲೆಕ್ಷನ್ನಾ?" ಅಂತ ಅತ್ತೆ ಕೇಳಿದ್ದರು. ಊರಿನಲ್ಲಿ ರಾಜ್ಯಪಾಲರನ್ನು ದೆಹಲಿಯಿಂದ ಕಳಿಸುತ್ತಾರೆ. ಇಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಇನ್ನೂ ಒಂದು ಕೈ ಮೇಲು ಎಂದೆ. ಅದು ನಿಜ ಕೂಡ. 1947ರ ಸಂವಿಧಾನದ ಪ್ರಕಾರ ನ್ಯೂಜೆರ್ಸಿಯ ಗವರ್ನರ್‌ಗೆ ಇರುವಷ್ಟು ಅಧಿಕಾರ ಈ ದೇಶದಲ್ಲಿ ಕೆಲವೇ ಗವರ್ನರ್‌ಗಳಿಗೆ ಇದೆ. ಬೇರೆ ಎಷ್ಟೋ ರಾಜ್ಯಗಳಲ್ಲಿ ಅಟಾರ್ನಿ ಜನರಲ್‌ರನ್ನು ಜನ ಆರಿಸುತ್ತಾರೆ. ಇಲ್ಲಿ ಗವರ್ನರ್ ನೇಮಿಸುತ್ತಾರೆ. ಬಜೆಟ್ಟಿನಲ್ಲಿ ಬೇಡವಾದ ಒಂದು ಸಾಲನ್ನು ಮಾತ್ರ ಹೊಡೆದುಹಾಕುವ ಅಧಿಕಾರವೂ ಅವರದೇ. ಕರೆಂಟ್ ಕಂಪನಿಗಳ ಮೇಲೆ ಕಣ್ಣಿಡುವ ಬೋರ್ಡ್ ಆಫ್ ಪಬ್ಲಿಕ್ ಯುಟಿಲಿಟೀಸ್‌ನ ಐದು ಸದಸ್ಯರನ್ನು ಹೆಸರಿಸುವುದೂ ಅವರೇ. ನಮ್ಮ ಕಡೆ ಕರೆಂಟ್ ದರ ಗೊತ್ತುಮಾಡುವ ಕೆಇಆರ್‌ಸಿ ಇದೆಯಲ್ಲ, ಹೆಚ್ಚುಕಡಿಮೆ ಅದೇ ಕೆಲಸ.

ಹಾಗಾಗಿ ನೀವಿಬ್ಬರೂ ಯಾವ ವಿಷಯಕ್ಕೆ ಏನು ಹೇಳುತ್ತೀರಿ ಎಂಬುದು ನಮಗೆ ಮುಖ್ಯ. ನಾನು ಎರಡೂ ಚರ್ಚೆಗಳನ್ನು ಪೂರ್ತಿ ನೋಡಿದೆ. ನಿಮ್ಮ ನಿಲುವುಗಳನ್ನು ಓದಿದೆ. ಸೆಪ್ಟೆಂಬರ್‌ನಲ್ಲಿ ಎರಡೂ ಕಡೆಯ ಸ್ವಯಂಸೇವಕರು ಬೇರೆ ಬೇರೆ ದಿನ ನಮ್ಮ ಬಾಗಿಲು ತಟ್ಟಿದರು. ಎರಡೂ ಸಲ ನಾನು ಕರೆಂಟ್ ಬಿಲ್ ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಹೋದೆ. ಒಬ್ಬರು "ನಮ್ಮವರು ಬಂದರೆ ರೇಟ್ ಏರಲ್ಲ" ಅಂದರು. ಇನ್ನೊಬ್ಬರು "ಇದೆಲ್ಲ ಎಂಟು ವರ್ಷ ಆಳಿದವರ ತಪ್ಪು" ಅಂದರು. ಹೇಗೆ ಏರಲ್ಲ, ತಪ್ಪು ಎಲ್ಲಿ ಆಯಿತು ಅಂತ ಕೇಳಿದರೆ ಕೈಗೆ ಒಂದೊಂದು ಕರಪತ್ರ ಕೊಟ್ಟು ಮುಂದಿನ ಮನೆಗೆ ಹೋದರು. ಬಿಸಿಲಲ್ಲಿ ನಡೆದು ಬಂದ ಹುಡುಗರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಉತ್ತರ ಕೊಡಬೇಕಾದವರು ನೀವು.

ಈಗ ಬಿಲ್ಲಿನ ವಿಷಯಕ್ಕೆ ಬರುತ್ತೇನೆ.

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಎರಡು ಬಿಲ್ ಅಂಟಿಸಿದ್ದೇನೆ. ಒಂದು 2024ರ ಜುಲೈದು: 1,142 ಯೂನಿಟ್, 213 ಡಾಲರ್. ಇನ್ನೊಂದು ಈ ವರ್ಷದ ಜುಲೈದು: 1,128 ಯೂನಿಟ್, 252 ಡಾಲರ್. ಯೂನಿಟ್ 14 ಕಮ್ಮಿ, ದುಡ್ಡು 39 ಡಾಲರ್ ಜಾಸ್ತಿ. ಆ ತಿಂಗಳು ನಾವು ಏಸಿಯನ್ನು ಮೊದಲಿಗಿಂತ ಎರಡು ಡಿಗ್ರಿ ಮೇಲಿಟ್ಟಿದ್ದೆವು. ಅತ್ತೆ ಮಧ್ಯಾಹ್ನ ನೆಲಮಾಳಿಗೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದರು, ಅಲ್ಲಿ ತಂಪು ಅಂತ. ನನಗೆ ಅದನ್ನು ನೋಡಿ ಸಂಕಟವಾಗುತ್ತಿತ್ತು.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. 2025ರ ಜೂನ್ 1ರಿಂದ ಈ ರಾಜ್ಯದ ಮನೆಗಳ ಬಿಲ್ ಕಂಪನಿಯಿಂದ ಕಂಪನಿಗೆ ಶೇಕಡಾ 17ರಿಂದ 20ರಷ್ಟು ಏರಿತು. ಜನ ಕೂಗಿದರು. ಆಗ ನಮ್ಮಂಥ ಗ್ರಾಹಕರಿಗೆ ಜುಲೈ, ಆಗಸ್ಟ್ ತಿಂಗಳಲ್ಲಿ 30 ಡಾಲರ್‌ನಂತೆ ಕಡಿಮೆ ಮಾಡಿದರು. 252 ಇದ್ದದ್ದು 222 ಆಯಿತು. ಅಬ್ಬ ಅಂತ ಉಸಿರು ಬಿಟ್ಟೆವು. ಆಮೇಲೆ ಬಿಲ್ಲಿನ ಜೊತೆ ಬಂದ ಚೀಟಿ ಓದಿದೆ. ಆ 60 ಡಾಲರ್ ಬಿಟ್ಟುಕೊಟ್ಟದ್ದಲ್ಲ, ಮುಂದೂಡಿದ್ದು. ಸೆಪ್ಟೆಂಬರ್‌ನಿಂದ ಫೆಬ್ರುವರಿವರೆಗೆ ತಿಂಗಳಿಗೆ 10 ಡಾಲರ್‌ನಂತೆ ನಮ್ಮಿಂದಲೇ ವಾಪಸ್ ಪಡೆಯುತ್ತಾರೆ. ಬಡ್ಡಿ ಇಲ್ಲ, ಅಷ್ಟೇ. ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ 50 ಡಾಲರ್‌ನಂತೆ ಇನ್ನೊಂದು ರಿಯಾಯಿತಿ ಬಂತು. ಅದಕ್ಕೆ ಕೃತಜ್ಞತೆ ಇದೆ. ನವೆಂಬರ್‌ನಿಂದ ಅದೂ ಇಲ್ಲ.

ಅಕೌಂಟ್ಸ್ ಓದದ ನನಗೂ ಇಲ್ಲಿಂದ ಒಂದು ಪಾಠ ಸಿಕ್ಕಿತು. "ಕಡಿಮೆ ಮಾಡಿದ್ದೇವೆ" ಅಂತ ಯಾರಾದರೂ ಹೇಳಿದರೆ "ಯಾರ ದುಡ್ಡಿನಿಂದ?" ಅಂತ ಮೊದಲು ಕೇಳಬೇಕು.

ಬಿಲ್ಲಿನ ಎರಡನೇ ಪುಟದಲ್ಲಿ ಎರಡು ಭಾಗ ಇವೆ. ಒಂದು ವಿತರಣೆ, ಅಂದರೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್, ಲೈನ್‌ಮನ್‌ಗಳ ಖರ್ಚು. ಇದರ ದರಕ್ಕೆ ಒಪ್ಪಿಗೆ ಕೊಡುವುದು ರಾಜ್ಯದ ಬೋರ್ಡು. ಇನ್ನೊಂದು ಪೂರೈಕೆ, ಅಂದರೆ ಕರೆಂಟಿನದೇ ಬೆಲೆ. 1999ರ ಕಾನೂನಿನ ನಂತರ ನಮ್ಮ ಕಂಪನಿಗಳು ಉತ್ಪಾದನಾ ಘಟಕಗಳನ್ನು ಬಿಟ್ಟುಕೊಟ್ಟವು. ಈಗ ಅವು ಕರೆಂಟನ್ನು ಹರಾಜಿನಲ್ಲಿ ಕೊಂಡು ನಮಗೆ ತಲುಪಿಸುತ್ತವೆ. ಈ ಜೂನ್‌ನಲ್ಲಿ ಏರಿದ್ದು ಮುಖ್ಯವಾಗಿ ಈ ಎರಡನೇ ಭಾಗ.

ಅದು ಏರಿದ್ದು ಯಾಕೆ? ನಮ್ಮ ಕರೆಂಟಿನ ಜಾಲವನ್ನು ನಡೆಸುವುದು ಪಿಜೆಎಂ ಎಂಬ ಸಂಸ್ಥೆ. 13 ರಾಜ್ಯಗಳು ಮತ್ತು ವಾಷಿಂಗ್ಟನ್ ನಗರ ಅದರ ವ್ಯಾಪ್ತಿಯಲ್ಲಿವೆ. ಬೇಕಾದ ದಿನ ಕರೆಂಟ್ ಕೊಡಲು ಸಿದ್ಧವಾಗಿರುತ್ತೇವೆ ಎಂದು ಮಾತು ಕೊಡುವ ಸ್ಥಾವರಗಳಿಗೆ ಅದು ಮೊದಲೇ ಒಂದು ಬೆಲೆ ಗೊತ್ತು ಮಾಡುತ್ತದೆ. ಮದುವೆ ಸೀಸನ್ನಿನಲ್ಲಿ ಅಡುಗೆ ಭಟ್ಟರಿಗೆ ತಾರೀಖು ಹಿಡಿಯಲು ಕೊಡುವ ಅಡ್ವಾನ್ಸ್ ಇದ್ದ ಹಾಗೆ. ಊಟದ ಖರ್ಚು ಬೇರೆ, ಅಡ್ವಾನ್ಸ್ ಬೇರೆ. ಹಿಂದಿನ ಹರಾಜಿನಲ್ಲಿ ಈ ಅಡ್ವಾನ್ಸ್ ಒಂದು ಮೆಗಾವಾಟ್‌ಗೆ ದಿನಕ್ಕೆ 28.92 ಡಾಲರ್ ಇತ್ತು. 2024ರ ಜುಲೈ ಹರಾಜಿನಲ್ಲಿ 269.92 ಆಯಿತು. ಒಂಬತ್ತು ಪಟ್ಟು! ಈ ವರ್ಷ ಜುಲೈನಲ್ಲಿ ಮತ್ತೆ ಹರಾಜಾಗಿ 329.17ಕ್ಕೆ ಹೋಯಿತು. ಅಲ್ಲಿಗೆ ನಿಂತದ್ದು ಮೊದಲೇ ಹಾಕಿದ್ದ ಮಿತಿಗೆ ತಾಗಿದ್ದರಿಂದ. ಆ ಮಿತಿ ಬಂದದ್ದು ಪಕ್ಕದ ಪೆನ್ಸಿಲ್ವೇನಿಯಾದ ಗವರ್ನರ್ ಜಾಶ್ ಶಪೀರೋ ಪಟ್ಟು ಹಿಡಿದು ದೂರು ಕೊಟ್ಟಿದ್ದರಿಂದ. ಒಬ್ಬ ಗವರ್ನರ್ ಮನಸ್ಸು ಮಾಡಿದರೆ ಏನು ಮಾಡಬಹುದು ಎಂಬುದಕ್ಕೆ ಅದೇ ಉದಾಹರಣೆ.

ಇನ್ನೂ ಒಂದು ಮಾತು. ಮನೆಗಳಿಗೆ ಬೇಕಾದ ಕರೆಂಟನ್ನು ನಮ್ಮ ರಾಜ್ಯ ಮೂರು ವರ್ಷದ ಗುತ್ತಿಗೆಯಲ್ಲಿ ಕೊಳ್ಳುತ್ತದೆ. ಪ್ರತಿ ವರ್ಷ ಮೂರನೇ ಒಂದು ಭಾಗ ಹೊಸದು. ಹಾಗಾಗಿ ಇವತ್ತಿನ ದುಬಾರಿ ಬೆಲೆ ನಾಳೆಗೇ ಇಳಿಯುವುದಿಲ್ಲ, ಒಳಗೇ ಕೂತಿರುತ್ತದೆ. ಮುಂದಿನ ಖರೀದಿ ಫೆಬ್ರುವರಿಯಲ್ಲಿ. ನಿಮ್ಮಲ್ಲಿ ಗೆದ್ದವರು ಪ್ರಮಾಣವಚನ ತೆಗೆದುಕೊಳ್ಳುವುದು 2026ರ ಜನವರಿ 20ಕ್ಕೆ. ಕುರ್ಚಿಯಲ್ಲಿ ಕೂತ ಕೆಲವೇ ವಾರಕ್ಕೆ ಆ ಖರೀದಿ ಬಂದು ನಿಲ್ಲುತ್ತದೆ. ಅದಕ್ಕೇ ಈಗಲೇ ಕೇಳುತ್ತಿದ್ದೇನೆ.

ಶೆರಿಲ್ ಅವರೇ, ನೀವು ನೌಕಾಪಡೆಯಲ್ಲಿ ಹೆಲಿಕಾಪ್ಟರ್ ಹಾರಿಸಿದವರು, ಸರ್ಕಾರಿ ವಕೀಲರಾಗಿ ಕೆಲಸ ಮಾಡಿದವರು. ಅಧಿಕಾರಕ್ಕೆ ಬಂದ ಮೊದಲ ದಿನವೇ ತುರ್ತು ಪರಿಸ್ಥಿತಿ ಘೋಷಿಸಿ ಕರೆಂಟ್ ದರ ಏರದಂತೆ ತಡೆಯುತ್ತೇನೆ ಅಂತ ಮಾತು ಕೊಟ್ಟಿದ್ದೀರಿ. ಬೇರೆ ಯಾರೂ ಇಷ್ಟು ಗಟ್ಟಿಯಾಗಿ ಹೇಳಿಲ್ಲ. ಕೇಳಿದಾಗ ನನಗೆ ಸಮಾಧಾನವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬಿಲ್ಲಿನ ಎರಡು ಭಾಗದಲ್ಲಿ ನೀವು ನಿಲ್ಲಿಸುವುದು ಯಾವುದನ್ನು? ವಿತರಣೆಯ ದರವನ್ನಾದರೆ ಬೋರ್ಡ್ ಮೂಲಕ ಮಾಡಬಹುದು, ಅರ್ಥವಾಗುತ್ತದೆ. ಆದರೆ ಏರಿದ್ದು ಅದಲ್ಲ. ಪೂರೈಕೆಯ ದರವನ್ನಾದರೆ, ಸಗಟು ಬೆಲೆ ರಾಜ್ಯದ ಕೈಯಲ್ಲಿಲ್ಲ. ಅದು ಪಿಜೆಎಂ ಮತ್ತು ಕೇಂದ್ರದ ನಿಯಂತ್ರಣ ಆಯೋಗದ ಕೈಯಲ್ಲಿದೆ. ಸಹಿ ಬಿದ್ದ ಗುತ್ತಿಗೆಗಳಿವೆ. ಹರಾಜಿನ ಬೆಲೆ ಏರಿ ಬಿಲ್ ಮಾತ್ರ ಏರದೆ ನಿಂತರೆ ನಡುವಿನ ಅಂತರವನ್ನು ತುಂಬುವವರು ಯಾರು? ರಾಜ್ಯದ ಬೊಕ್ಕಸವೋ, ಕಂಪನಿಗಳ ಲಾಭವೋ, ಅಥವಾ ಎರಡು ವರ್ಷ ಬಿಟ್ಟು ಮತ್ತೆ ನಾವೋ? ಜುಲೈನ 30 ಡಾಲರ್ ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದದ್ದನ್ನು ಕಂಡವರು ನಾವು. ಈ ಒಂದು ಪ್ರಶ್ನೆಗೆ ನೇರವಾಗಿ ಉತ್ತರ ಕೊಡಿ. ಪೂರ್ತಿ ತಡೆಯಲು ಆಗದಿದ್ದರೆ, ಎಷ್ಟು ಆಗುತ್ತದೆ ಅಂತ ಹೇಳಿದರೂ ನಾವು ಒಪ್ಪುತ್ತೇವೆ.

ಚಿಟರೆಲ್ಲಿ ಅವರೇ, ನೀವು ಲೆಕ್ಕಪತ್ರದ ಕೆಲಸ ಮಾಡಿದವರು, ನನಗಿಂತ ಚೆನ್ನಾಗಿ ಲೆಕ್ಕ ಬಲ್ಲವರು. ಆರ್‌ಜಿಜಿಐ ಒಪ್ಪಂದದಿಂದ ಹೊರಬರುತ್ತೇನೆ, ಸಮುದ್ರದಲ್ಲಿ ಗಾಳಿಯಂತ್ರ ನಿಲ್ಲಿಸಲು ಬಿಡುವುದಿಲ್ಲ, ಅದರಿಂದ ಬಿಲ್ ಇಳಿಯುತ್ತದೆ ಎನ್ನುತ್ತೀರಿ. ನಮ್ಮ ಓದುಗರಿಗೆ ಹೇಳುವುದಾದರೆ, ಆರ್‌ಜಿಜಿಐ ಎಂದರೆ ಈಶಾನ್ಯ ಭಾಗದ ಕೆಲವು ರಾಜ್ಯಗಳು ಸೇರಿ ಮಾಡಿಕೊಂಡ ಒಪ್ಪಂದ. ಹೊಗೆ ಉಗುಳುವ ವಿದ್ಯುತ್ ಸ್ಥಾವರಗಳು ಅದಕ್ಕೆ ದುಡ್ಡು ಕೊಟ್ಟು ಪರವಾನಗಿ ಕೊಳ್ಳಬೇಕು. ಗವರ್ನರ್ ಕ್ರಿಸ್ಟಿ ಕಾಲದಲ್ಲಿ ನ್ಯೂಜೆರ್ಸಿ ಅದರಿಂದ ಹೊರಬಂದಿತ್ತು, ಮರ್ಫಿ ಅವರ ಕಾಲದಲ್ಲಿ, 2020ರಲ್ಲಿ, ಮತ್ತೆ ಒಳಗೆ ಹೋಯಿತು. ಅದರ ಖರ್ಚು ಬಿಲ್ಲಿನಲ್ಲಿ ಸೇರುತ್ತದೆ ಎಂಬ ನಿಮ್ಮ ಮಾತು ಸರಿ. ಆದರೆ ಅದು 2020ರಿಂದ ಇದೆ. ಅಡ್ವಾನ್ಸ್ ಒಂಬತ್ತು ಪಟ್ಟಾದದ್ದು ಒಂದೇ ಹರಾಜಿನಲ್ಲಿ, ಆರ್‌ಜಿಜಿಐ ಇಲ್ಲದ ಓಹಾಯೋದಂಥ ರಾಜ್ಯಗಳಲ್ಲೂ. ಹಾಗಾದರೆ ಇದರಿಂದ ಹೊರಬಂದರೆ ನನ್ನ 252 ಡಾಲರ್‌ನಲ್ಲಿ ಎಷ್ಟು ಇಳಿಯುತ್ತದೆ? ಒಂದು ಅಂಕಿ ಹೇಳಿ. ಆ ಒಪ್ಪಂದದಿಂದ ರಾಜ್ಯಕ್ಕೆ ಹಣವೂ ಬರುತ್ತದೆ. ಅದು ನಿಂತರೆ ಆ ಹಣದಿಂದ ನಡೆಯುವ ಕೆಲಸಗಳ ಗತಿ ಏನು? ಸಮುದ್ರದ ಗಾಳಿಯಂತ್ರಗಳ ಮಾತಿಗೆ ಬಂದರೆ, ನಮ್ಮ ಕಡಲಿನಲ್ಲಿ ಅಂಥ ಒಂದೂ ಇವತ್ತು ತಿರುಗುತ್ತಿಲ್ಲ. ದೊಡ್ಡ ಎರಡು ಯೋಜನೆಗಳನ್ನು ಡೆನ್ಮಾರ್ಕ್‌ನ ಕಂಪನಿಯೇ 2023ರ ಅಕ್ಟೋಬರ್ 31ರಂದು ಕೈಬಿಟ್ಟಿತು. ಇಲ್ಲದ್ದನ್ನು ನಿಲ್ಲಿಸಿದರೆ ಬಿಲ್ ಹೇಗೆ ಇಳಿಯುತ್ತದೆ?

ಇದೇ ಜಾಗದಲ್ಲಿ ಶೆರಿಲ್ ಅವರಿಗೂ ಒಂದು ಮಾತು ಹೇಳಬೇಕು. ನಿಮ್ಮ ಪಕ್ಷದ ಸರ್ಕಾರ ಎಂಟು ವರ್ಷ ಆ ಗಾಳಿಯನ್ನೇ ನೆಚ್ಚಿಕೊಂಡಿತು. ಗಾಳಿ ಬರಲಿಲ್ಲ. 2018ರಲ್ಲಿ ಆಯ್ಸ್ಟರ್ ಕ್ರೀಕ್ ಅಣುಸ್ಥಾವರ ಮುಚ್ಚಿತು. 2022ರಲ್ಲಿ ಕೊನೆಯ ಕಲ್ಲಿದ್ದಲು ಸ್ಥಾವರಗಳೂ ಮುಚ್ಚಿದವು. ಕಲ್ಲಿದ್ದಲು ಹೋದದ್ದಕ್ಕೆ ನನಗೆ ದುಃಖವಿಲ್ಲ, ನನ್ನ ಚಿಕ್ಕ ಮಗನಿಗೆ ಉಬ್ಬಸ ಇದೆ. ಆದರೆ ಹೋದದ್ದರ ಜಾಗಕ್ಕೆ ಸಾಕಷ್ಟು ಹೊಸದು ಬರಲಿಲ್ಲ ಎಂಬುದನ್ನು ನಿಮ್ಮ ಬಾಯಿಂದ ಒಮ್ಮೆ ಕೇಳಬೇಕು. ತಪ್ಪು ಒಪ್ಪಿಕೊಂಡವರ ಮೇಲೆ ನಂಬಿಕೆ ಜಾಸ್ತಿ ಆಗುತ್ತದೆ.

ನನ್ನ ತಾಯಿ ಹಾಸನದಲ್ಲಿ ಒಬ್ಬರೇ ಇದ್ದಾರೆ. 2023ರಲ್ಲಿ ಕರ್ನಾಟಕ ಸರ್ಕಾರ ಗೃಹಜ್ಯೋತಿ ಯೋಜನೆ ತಂದಿತು. ತಿಂಗಳಿಗೆ 200 ಯೂನಿಟ್ ಒಳಗೆ, ಹಿಂದಿನ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ, ಮನೆಗೆ ಕರೆಂಟ್ ಬಿಟ್ಟಿ. ಅಮ್ಮನಿಗೆ ಸೊನ್ನೆ ಬಿಲ್ ಬರುತ್ತದೆ. ಫೋನಿನಲ್ಲಿ ಹೇಳುವಾಗ ಅವರ ದನಿಯಲ್ಲಿ ಖುಷಿ ಇರುತ್ತದೆ. ಆ ಖುಷಿ ಸಣ್ಣದಲ್ಲ. ಆದರೆ ಆ ಸೊನ್ನೆಯ ಹಿಂದೆ ವಿದ್ಯುತ್ ಕಂಪನಿಗಳಿಗೆ ಸರ್ಕಾರ ಬಜೆಟ್ಟಿನಿಂದ ದುಡ್ಡು ಕಟ್ಟುತ್ತಿದೆ. ಕಟ್ಟುತ್ತೇವೆ ಅಂತ ಹೇಳಿಯೇ ಕಟ್ಟುತ್ತಿದೆ. ಅದು ಸರಿಯೋ ತಪ್ಪೋ ಎಂದು ಅಲ್ಲಿಯ ಜನ ಜಗಳವಾಡುತ್ತಾರೆ, ಆಡಲಿ. ಯಾರು ಕಟ್ಟುತ್ತಿದ್ದಾರೆ ಎಂಬುದಾದರೂ ಅವರಿಗೆ ಗೊತ್ತು. ನೀವಿಬ್ಬರೂ ನಮಗೆ ಅಷ್ಟನ್ನೂ ಹೇಳಿಲ್ಲ.

ಬೇಡಿಕೆ ಏರಲು ದೊಡ್ಡ ಕಾರಣ ಡೇಟಾ ಸೆಂಟರ್‌ಗಳು. ಪಿಜೆಎಂ ಮಾರುಕಟ್ಟೆಯ ಮೇಲೆ ನಿಗಾ ಇಡುವವರೇ ಇದನ್ನು ಹೇಳಿದ್ದಾರೆ. ಉತ್ತರ ವರ್ಜೀನಿಯಾದಲ್ಲಿ ಸಾಲುಸಾಲು ಕಟ್ಟಡಗಳು. ಅವೂ ಇದೇ ಜಾಲದಿಂದ ಕರೆಂಟ್ ಎಳೆಯುತ್ತವೆ. ನಾನೂ ಸಾಫ್ಟ್‌ವೇರ್‌ನಲ್ಲೇ ಕೆಲಸ ಮಾಡುತ್ತೇನೆ. ನಾನು ದಿನಾ ಬರೆಯುವ ಕೋಡ್ ಓಡುವುದು ಅಂಥದ್ದೇ ಒಂದು ಕಟ್ಟಡದಲ್ಲಿ. ನಮ್ಮ ಕನ್ನಡದವರಲ್ಲಿ ಅರ್ಧಕ್ಕರ್ಧ ಜನ ಇದೇ ಕೆಲಸದಿಂದ ಅನ್ನ ತಿನ್ನುತ್ತಿದ್ದೇವೆ. ಹಾಗಾಗಿ ಅವು ಬೇಡವೇ ಬೇಡ ಎಂದು ನಾನು ಹೇಳಲಾರೆ. ಆದರೆ ಬೇಡಿಕೆ ತಂದವರು ಖರ್ಚಿನಲ್ಲೂ ಪಾಲು ಕೊಡಬೇಕು, ಅಲ್ವಾ? ನೆಲಮಾಳಿಗೆಯಲ್ಲಿ ಚಾಪೆ ಹಾಸಿಕೊಂಡವರ ಬಿಲ್ಲಿಗೆ ಅದನ್ನು ಹಂಚಬಾರದು. ನ್ಯೂಜೆರ್ಸಿಗೆ ಬರುವ ದೊಡ್ಡ ಡೇಟಾ ಸೆಂಟರ್‌ಗಳಿಗೆ ಬೇರೆಯೇ ದರ ಗೊತ್ತುಮಾಡುತ್ತೀರಾ? ಕರೆಂಟನ್ನು ತಾವೇ ತರಬೇಕು ಎಂದು ಷರತ್ತು ಹಾಕುತ್ತೀರಾ? ಇಬ್ಬರೂ ಹೇಳಿ.

ಛಾವಣಿ ಮೇಲೆ ಸೋಲಾರ್ ಹಾಕಿಸೋಣ ಎಂದು ನಾವೂ ಲೆಕ್ಕ ಹಾಕಿದೆವು. ಮನೆಯವರಿಗೆ ಸಿಗುತ್ತಿದ್ದ ಕೇಂದ್ರದ ಶೇಕಡಾ 30ರ ತೆರಿಗೆ ರಿಯಾಯಿತಿ ಈ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಬಂದು ಹಾಕುವವರು ನಮಗೆ ಸಿಗಲಿಲ್ಲ. ಆ ಜಾಗದಲ್ಲಿ ರಾಜ್ಯ ಏನಾದರೂ ಕೊಡುತ್ತದೆಯೇ ಎಂಬುದೂ ನಮಗೆ ತಿಳಿಯಬೇಕು.

ನವೆಂಬರ್ 1 ನಮಗೆ ರಾಜ್ಯೋತ್ಸವ. ಹಳದಿ ಕೆಂಪು ಬಾವುಟ ಹಾರಿಸುವ ದಿನ. ಇಲ್ಲಿ ಅದೇ ದಿನ ಆಸ್ತಿ ತೆರಿಗೆಯ ನಾಲ್ಕನೇ ಕಂತು ಕಟ್ಟಬೇಕು. ದೇಶದಲ್ಲೇ ಅತಿ ಹೆಚ್ಚು ಆಸ್ತಿ ತೆರಿಗೆ ನಮ್ಮದು. ಕಳೆದ ವರ್ಷ ಸರಾಸರಿ ಬಿಲ್ 10,000 ಡಾಲರ್ ದಾಟಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಲೆಗಳಿಗೆ ಹೋಗುತ್ತದೆ. ಆ ಶಾಲೆಗಳಿಗಾಗಿಯೇ ನಮ್ಮಲ್ಲಿ ಬಹಳ ಜನ ಈ ರಾಜ್ಯಕ್ಕೆ ಬಂದದ್ದು, ಹಾಗಾಗಿ ಸುಮ್ನೆ ಬೈಯಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಪಕ್ಕದ ಮನೆಯವರು 31 ವರ್ಷ ಇಲ್ಲಿದ್ದವರು. ಇಬ್ಬರೂ ನಿವೃತ್ತರು. ಮಗಳು ಹುಟ್ಟಿದಾಗ ಬಾಣಂತನದಲ್ಲಿ ನನಗೆ ಸೂಪ್ ತಂದುಕೊಟ್ಟವರು. ಈ ಆಗಸ್ಟ್‌ನಲ್ಲಿ ಮನೆ ಮಾರಿ ಡೆಲವೇರ್‌ಗೆ ಹೋದರು. ಸಾಲ ತೀರಿದ ಮನೆಗೂ ತಿಂಗಳಿಗೆ ಬಾಡಿಗೆಯಷ್ಟು ತೆರಿಗೆ ಕಟ್ಟಲು ಆಗಲಿಲ್ಲ ಅಂದರು.

ಚಿಟರೆಲ್ಲಿ ಅವರೇ, ತೆರಿಗೆಯನ್ನು ಮನೆಯ ಬೆಲೆಯ ಇಂತಿಷ್ಟು ಪಾಲಿಗೆ ಮಿತಿಗೊಳಿಸುತ್ತೇನೆ, 70 ದಾಟಿದವರಿಗೆ ಏರದಂತೆ ಮಾಡುತ್ತೇನೆ, ಶಾಲೆಗಳಿಗೆ ಹಣ ಹಂಚುವ ಸೂತ್ರ ಬದಲಿಸುತ್ತೇನೆ ಎಂದಿದ್ದೀರಿ. ಸೂತ್ರ ಬದಲಾದರೆ ಕೆಲವು ಊರುಗಳಿಗೆ ಜಾಸ್ತಿ ಸಿಗುತ್ತದೆ, ಕೆಲವಕ್ಕೆ ಕಮ್ಮಿ. ಕಮ್ಮಿ ಆಗುವ ಊರುಗಳ ಪಟ್ಟಿ ಕೊಡಿ. ನೆವಾರ್ಕ್, ಪ್ಯಾಟರ್ಸನ್‌ನ ಮಕ್ಕಳ ತರಗತಿಯಿಂದ ಕಿತ್ತು ನನ್ನ ತೆರಿಗೆ ಇಳಿಸುವುದಾದರೆ ನನಗೆ ಬೇಡ. ಶೆರಿಲ್ ಅವರೇ, ಊರುಗಳೂ ಶಾಲಾ ಜಿಲ್ಲೆಗಳೂ ಸೇರಿಕೊಂಡು ಖರ್ಚು ಹಂಚಿಕೊಳ್ಳಬೇಕು ಎನ್ನುತ್ತೀರಿ. ಈ ಪುಟ್ಟ ರಾಜ್ಯದಲ್ಲಿ 564 ಊರಾಡಳಿತಗಳಿವೆ, ಮಾತು ಸರಿ. ಆದರೆ ಯಾವ ಊರೂ ತನ್ನ ಪೊಲೀಸ್ ಠಾಣೆ, ತನ್ನ ಶಾಲೆಯ ಹೆಸರು ಬಿಟ್ಟುಕೊಡಲು ಒಪ್ಪುವುದಿಲ್ಲ. ಒಪ್ಪದವರನ್ನು ಏನು ಮಾಡುತ್ತೀರಿ? ಮಾರಾಟ ತೆರಿಗೆ ಏರಿಸುವುದಿಲ್ಲ ಎಂದು ಮಾತು ಕೊಡುತ್ತೀರಾ ಅಂತ ಚರ್ಚೆಯಲ್ಲಿ ಕೇಳಿದಾಗ ನೀವು ಮಾತು ಕೊಡಲಿಲ್ಲ. ಅದನ್ನೂ ಬಿಡಿಸಿ ಹೇಳಿ. 65 ದಾಟಿದವರಿಗೆ ತೆರಿಗೆಯ ಅರ್ಧದವರೆಗೆ ವಾಪಸ್ ಕೊಡುವ ಸ್ಟೇ ಎನ್‌ಜೆ ಯೋಜನೆ ಮುಂದಿನ ವರ್ಷದಿಂದ ಕೈಗೆ ಸಿಗಬೇಕು. ಇಬ್ಬರಲ್ಲಿ ಯಾರು ಬಂದರೂ ಅದು ಮೊದಲ ಕಂತಿಗೇ ನಿಂತುಹೋಗಬಾರದು.

ನನ್ನ ಗಂಡ ದಿನಾ ರೈಲಿನಲ್ಲಿ ನ್ಯೂಯಾರ್ಕಿಗೆ ಹೋಗಿ ಬರುತ್ತಾರೆ. 2024ರಲ್ಲಿ ಟಿಕೆಟ್ ಶೇಕಡಾ 15 ಏರಿತು. ಈ ಜುಲೈನಲ್ಲಿ ಇನ್ನೂ 3. ಮೇ ತಿಂಗಳಲ್ಲಿ ಚಾಲಕರ ಮುಷ್ಕರವಾಗಿ ನಾಲ್ಕು ದಿನ ಒಂದೂ ರೈಲು ಓಡಲಿಲ್ಲ. ದಾರಿಯಲ್ಲಿ ಹ್ಯಾಕನ್‌ಸ್ಯಾಕ್ ನದಿಗೆ ಪೋರ್ಟಲ್ ಸೇತುವೆ ಇದೆ, 1910ರದ್ದು. ದೋಣಿಗೆ ದಾರಿ ಬಿಡಲು ಅದು ಪಕ್ಕಕ್ಕೆ ತಿರುಗುತ್ತದೆ. ಎಷ್ಟೋ ಸಲ ವಾಪಸ್ ಸರಿಯಾಗಿ ಕೂರುವುದಿಲ್ಲ. ಆಗ ಕೆಲಸಗಾರರು ಸುತ್ತಿಗೆಯಿಂದ ಹೊಡೆದು ಕೂರಿಸಬೇಕು. ಇವರು ಅಲ್ಲಿ ನಿಂತ ರೈಲಿನಿಂದ "ಊಟಕ್ಕೆ ಕಾಯಬೇಡಿ" ಅಂತ ಮೆಸೇಜ್ ಹಾಕಿದ ರಾತ್ರಿಗಳು ಲೆಕ್ಕವಿಲ್ಲ. ಈಗ ಪಕ್ಕದಲ್ಲೇ ಹೊಸ ಸೇತುವೆ ಏಳುತ್ತಿದೆ, ಕಿಟಕಿಯಿಂದ ಕಾಣುತ್ತದೆ. ಆದರೆ ಮುಂದೆ ಹಡ್ಸನ್ ನದಿಯಡಿಯ ಸುರಂಗದ ಕೆಲಸಕ್ಕೆ ಹೋದ ವಾರವಷ್ಟೇ ಅಧ್ಯಕ್ಷರು ಹಣ ರದ್ದು ಎಂದಿದ್ದಾರೆ. 2010ರಲ್ಲಿ ಒಬ್ಬ ಗವರ್ನರ್ ಹಿಂದಿನ ಸುರಂಗ ಯೋಜನೆಯನ್ನು ಕೈಬಿಟ್ಟರು, ಹದಿನೈದು ವರ್ಷವಾದರೂ ಹೊಸದು ಮುಗಿದಿಲ್ಲ. ಚಿಟರೆಲ್ಲಿ ಅವರೇ, ಅಧ್ಯಕ್ಷರ ಬೆಂಬಲ ನಿಮಗಿದೆ. ಆ ಹಣ ವಾಪಸ್ ಬರಲೇಬೇಕು ಎಂದು ಅವರಿಗೆ ಎಲ್ಲರ ಎದುರು ಹೇಳಿ, ನವೆಂಬರ್ 4ರ ಮೊದಲೇ ಹೇಳಿ. ಶೆರಿಲ್ ಅವರೇ, ವಾಷಿಂಗ್ಟನ್ ಹಣ ಕೊಡದಿದ್ದರೆ ಕೆಲಸ ಒಂದು ದಿನವೂ ನಿಲ್ಲದಂತೆ ರಾಜ್ಯ ಏನು ಮಾಡುತ್ತದೆ ಅಂತ ತಿಳಿಸಿ.

ನನ್ನ ಪರಿಚಯದವರಲ್ಲಿ ಅರ್ಧ ಜನಕ್ಕೆ ವೋಟಿಲ್ಲ. ಎಚ್-1ಬಿ ಮೇಲೆ ಹತ್ತು ಹನ್ನೆರಡು ವರ್ಷದಿಂದ ಇದ್ದಾರೆ. ಮನೆ ಕೊಂಡಿದ್ದಾರೆ. ಕರೆಂಟ್ ಬಿಲ್, ಆಸ್ತಿ ತೆರಿಗೆ, ರೈಲಿನ ಪಾಸು ಎಲ್ಲ ಕಟ್ಟುತ್ತಾರೆ. ವೀಸಾ ವಿಷಯ ಗವರ್ನರ್ ಕೈಯಲ್ಲಿಲ್ಲ, ಗೊತ್ತು. ಅದನ್ನು ನಿಮ್ಮಲ್ಲಿ ಕೇಳುತ್ತಿಲ್ಲ. ಆದರೆ ನಾನು ಹಾಕುವ ಒಂದು ವೋಟಿನ ಹಿಂದೆ ಅವರ ಬಿಲ್ಲುಗಳೂ ಇವೆ ಎಂಬುದು ನಿಮಗೆ ನೆನಪಿರಲಿ.

ಕನ್ನಡದ ಗೆಳೆಯ ಗೆಳತಿಯರೇ, ನಿಮಗೂ ಒಂದು ವಿನಂತಿ. ಹಬ್ಬದ ಕಾರ್ಯಕ್ರಮಗಳಿಗೆ ಅಭ್ಯರ್ಥಿಗಳ ಕಡೆಯವರು ಬರುತ್ತಾರೆ, ದೀಪ ಹಚ್ಚುತ್ತಾರೆ, ನಮಸ್ತೆ ಅನ್ನುತ್ತಾರೆ. ಅವರನ್ನು ಗೌರವದಿಂದ ಕಾಣೋಣ, ಹೋಳಿಗೆ ಬಡಿಸೋಣ. ಫೋಟೋ ತೆಗೆಸಿಕೊಳ್ಳುವ ಮೊದಲು ಬಿಲ್ಲಿನ ಎರಡನೇ ಪುಟ ತೋರಿಸಿ ಒಂದು ಪ್ರಶ್ನೆ ಕೇಳಿ. ಮುಂಚಿತ ಮತದಾನ ಈ ಶನಿವಾರ, 25ಕ್ಕೆ, ಶುರುವಾಗುತ್ತದೆ. ನವೆಂಬರ್ 2ರವರೆಗೆ ಇದೆ. ಚುನಾವಣೆಯ ದಿನ ಬೆಳಿಗ್ಗೆ 6ರಿಂದ ರಾತ್ರಿ 8ರವರೆಗೆ. ಮಂಗಳವಾರ ಆಫೀಸು ಇದೆ ಅಂತ ಬಿಡಬೇಡಿ.

ಮಾನ್ಯರೇ, ಮೊನ್ನೆ ದೀಪಾವಳಿಗೆ ಮಗಳು ಬಾಗಿಲಿಗೆ ಸೀರಿಯಲ್ ಲೈಟ್ ಕಟ್ಟಿದ್ದಳು. ಅತ್ತೆ ಹೋಗಿ ಪ್ಲಗ್ ತೆಗೆದು, ಮೆಟ್ಟಿಲ ಮೇಲೆ ಹನ್ನೆರಡು ಹಣತೆ ಹಚ್ಚಿಟ್ಟರು. "ಇದೇ ಚೆಂದ, ಬಿಲ್ಲೂ ಬರಲ್ಲ" ಅಂದರು. ಮಗಳು ಅಜ್ಜಿಯ ಜೊತೆ ಎಣ್ಣೆ ಹಾಕುತ್ತಾ ಕೂತಳು. ಚೆಂದವೇ ಇತ್ತು. ಆದರೆ ಅತ್ತೆ ಪ್ಲಗ್ ತೆಗೆದದ್ದು ಚೆಂದಕ್ಕಲ್ಲ. ಆ ದಿನದಿಂದ ಈ ಪತ್ರ ನನ್ನ ತಲೆಯಲ್ಲಿತ್ತು.

ನಮ್ಮ ಮನೆಯಿಂದ ಮೂರು ವೋಟು. ಮಗಳು ಮೊದಲ ದಿನವೇ ಹಾಕಬೇಕು ಅಂತಿದ್ದಾಳೆ, ನಾನು ತಡೆದಿದ್ದೇನೆ. ನವೆಂಬರ್ 2ರ ಭಾನುವಾರ ಸಂಜೆಯವರೆಗೆ ನಿಮ್ಮ ಉತ್ತರಕ್ಕೆ ಕಾಯುತ್ತೇವೆ. ಉತ್ತರ ಉದ್ದ ಇರಬೇಕಾಗಿಲ್ಲ. ಯಾವ ಸಾಲನ್ನು ನಿಲ್ಲಿಸುತ್ತೀರಿ ಅಥವಾ ಇಳಿಸುತ್ತೀರಿ, ಎಷ್ಟು, ಯಾರ ದುಡ್ಡಿನಿಂದ. ಇಷ್ಟು ಬರೆದರೆ ಸಾಕು. ಬಂದ ಉತ್ತರವನ್ನು ಒಂದು ಅಕ್ಷರವೂ ಬಿಡದೆ ಕನ್ನಡಕ್ಕೆ ತಂದು, ಈ ಪತ್ರ ಓದಿದವರೆಲ್ಲರ ಮುಂದೆ ಇಡುತ್ತೇನೆ. ಇಬ್ಬರದೂ.

ಇಂತಿ ನಮಸ್ಕಾರಗಳೊಂದಿಗೆ,
ಮಿಡ್ಲ್‌ಸೆಕ್ಸ್ ಕೌಂಟಿಯ ಒಬ್ಬ ಕನ್ನಡತಿ, ನಿಮ್ಮ ಮತದಾರಳು

ಲಗತ್ತು: 2024 ಮತ್ತು 2025ರ ಜುಲೈ ತಿಂಗಳ ಕರೆಂಟ್ ಬಿಲ್‌ಗಳ ಎರಡನೇ ಪುಟ